ಕೊಡಪಾನ ಕಿತ್ತುಕೊಳ್ಳುವ ಪ್ರೀತಿ

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅರಸೀಕೆರೆ ಹತ್ತಿರ ನನ್ನ ತವರು. ಬೆಳಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಎಲ್ಲರ ಕೈಯಲ್ಲೂ ಕೆಲಸವಿತ್ತು. ನಾನೇ ಹೋಗಿ ಕೊಡಪಾನ ತುಂಬಿಸಿದೆ, ಎರಡೂ ಕೈಯಲ್ಲಿ ಹಿಡಿದು ಎತ್ತಿದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ತಮ್ಮನ ಹೆಂಡತಿ ಓಡಿ ಬಂದು ಕಿತ್ತುಕೊಂಡಳು. ‘ಅಯ್ಯೋ ಬಿಡಿ ಅಕ್ಕ, ಈ ವಯಸ್ಸಲ್ಲಿ ನೀವ್ಯಾಕೆ ಎತ್ತೋಕೆ ಹೋಗ್ತೀರ? ಮೂಳೆ ಬೇರೆ ಸವೆದಿದೆ ಅಂತೀರ.’

ಅವಳು ಹೇಳಿದ್ದು ಪ್ರೀತಿಯಿಂದಲೇ. ಆದರೂ ಮನಸ್ಸಿಗೆ ಚುಚ್ಚಿತು. ಆ ಕೊಡದ ತೂಕ ಹೆಚ್ಚೆಂದರೆ ಹನ್ನೆರಡು ಕೆಜಿ. ನಾನಿರುವ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ವಾರಕ್ಕೆ ಎರಡು ದಿನ ನೆಲದಿಂದ ನಲವತ್ತೈದು ಕೆಜಿ ಎತ್ತುತ್ತೇನೆ. ಎತ್ತುವುದು ಮೂಳೆ ಸವೆದಿದ್ದರೂ ಅಲ್ಲ, ಸವೆದಿದೆ ಅಂತಲೇ.

ನನಗೆ ಈಗ 59. ಮೂರು ವರ್ಷದ ಹಿಂದೆ ಇಲ್ಲಿನ ಡಾಕ್ಟರು ಸುಮ್ನೆ ಮಾತಿಗೆ ಕೇಳಿದರು, ‘ನಿಮ್ಮ ತಾಯಿಯ ಬೆನ್ನು ಹೇಗಿದೆ?’ ಬಾಗಿದೆ ಅಂದೆ. ತಕ್ಷಣ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿಗೆ ಬರೆದರು. ಹತ್ತು ಹದಿನೈದು ನಿಮಿಷದ ಕೆಲಸ, ನೋವಿಲ್ಲ, ಸೂಜಿಯಿಲ್ಲ. ಬಂದ ಟಿ-ಸ್ಕೋರ್, ಅಂದರೆ ಹರೆಯದವರ ಗಟ್ಟಿ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7. ಮೈನಸ್ 1ರ ತನಕ ಸರಿ. ಅಲ್ಲಿಂದ ಮೈನಸ್ 2.5ರ ತನಕ ಮೂಳೆ ತೆಳುವಾಗುತ್ತಿದೆ ಎಂದು ಲೆಕ್ಕ. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್, ಅಂದರೆ ಸುಲಭಕ್ಕೆ ಮುರಿಯುವಷ್ಟು ಮೂಳೆ ಸವೆತ. ನಾನು ಆ ಗೆರೆ ದಾಟಿಯಾಗಿತ್ತು. ಒಂದು ದಿನವೂ ನೋವು ಕಂಡಿರಲಿಲ್ಲ.

ಆವತ್ತು ರಾತ್ರಿ ಅಮ್ಮನ ನೆನಪಾಗಿ ನಿದ್ದೆ ಬರಲಿಲ್ಲ. ಅರವತ್ತೈದು ದಾಟಿದ ಮೇಲೆ ದೇವರ ಗೂಡಿನ ದೀಪ ಅಮ್ಮನಿಗೆ ಎಟುಕದ ಹಾಗಾಯಿತು. ಮೊದಲು ಬೆರಳ ತುದಿಯಲ್ಲಿ ನಿಂತು ಬತ್ತಿ ಹಾಕುತ್ತಿದ್ದಳು. ಆಮೇಲೆ ಅದೂ ಆಗಲಿಲ್ಲ. ತಮ್ಮ ಒಂದು ಮಣೆ ತಂದು ಗೂಡಿನ ಕೆಳಗೆ ಹಾಕಿಕೊಟ್ಟ. ಎಷ್ಟು ಒಳ್ಳೆ ಮಗ ಅಂತ ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಅಮ್ಮ ಯಾಕೆ ಗಿಡ್ಡ ಆದಳು ಅಂತ ಒಬ್ಬರೂ ಕೇಳಲಿಲ್ಲ. ಬೆನ್ನುಮೂಳೆಯ ಬಿಲ್ಲೆಗಳು ಬೀಳದೆ, ಪೆಟ್ಟಾಗದೆ, ಒಳಗೊಳಗೇ ಕುಸಿದಿದ್ದವು. ಅವೂ ಮೂಳೆ ಮುರಿತವೇ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದು ನನ್ನ ಸ್ಕ್ಯಾನ್ ಆದ ಮೇಲೆ.

ಅಮ್ಮನಿಗೆ ಒಬ್ಬ ಡಾಕ್ಟರು ವಾರಕ್ಕೊಂದು ಮಾತ್ರೆ ಬರೆದಿದ್ದರು. ಅಲೆಂಡ್ರೊನೇಟ್, ಮೂಳೆ ಸವೆತ ತಡೆಯುವ ಔಷಧ. ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕಾಫಿಯೂ ಇಲ್ಲ. ಈ ಮಾತನ್ನು ಅಮ್ಮನಿಗೆ ಬಿಡಿಸಿ ಹೇಳಿದವರಿಲ್ಲ. ಅವಳು ಐದೂವರೆಯ ಕಾಫಿ ಜೊತೆಯಲ್ಲೇ ನುಂಗಿದಳು, ನುಂಗಿ ಮತ್ತೆ ಹತ್ತು ನಿಮಿಷ ಅಡ್ಡಾದಳು. ಕಾಫಿ ಜೊತೆ ಹೋದ ಮಾತ್ರೆ ಮೈಗೆ ಹತ್ತುವುದೇ ಕಡಿಮೆ. ಮಲಗಿದ್ದಕ್ಕೆ ಎದೆ ಉರಿ. ‘ಆ ಮಾತ್ರೆ ಉಷ್ಣ’ ಅಂತ ತಿಂಗಳಲ್ಲೇ ಬಿಟ್ಟಳು. ಮನೆಯಲ್ಲಿ ನಾವು ನಾಲ್ಕು ಜನ ಓದಿದವರಿದ್ದೆವು.

ಇಲ್ಲಿ ನನ್ನ ಡಾಕ್ಟರು ಔಷಧದ ಮಾತಿಗೇ ಅರ್ಧ ಗಂಟೆ ಕೊಟ್ಟರು. ನನಗೆ ಮೊದಲೇ ಎದೆ ಉರಿ ಇತ್ತು, ಹಾಗಾಗಿ ವಾರದ ಮಾತ್ರೆ ಬೇಡ ಅಂತಾಯಿತು. ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮ್ಯಾಬ್ ಸೂಜಿ ಇದೆ, ವರ್ಷಕ್ಕೊಮ್ಮೆ ಹಾಕುವ ಜೋಲೆಡ್ರಾನಿಕ್ ಆಸಿಡ್ ಡ್ರಿಪ್ ಇದೆ ಅಂದರು. ಆಮೇಲೆ ಕೇಳಿದರು, ‘ನೀವು ಇಂಡಿಯಾಕ್ಕೆ ಹೋದರೆ ಎಷ್ಟು ದಿನ ಇರುತ್ತೀರಿ?’ ಒಮ್ಮೊಮ್ಮೆ ಮೂರು ನಾಲ್ಕು ತಿಂಗಳು ಅಂದೆ. ‘ಹಾಗಾದರೆ ಆರು ತಿಂಗಳ ಸೂಜಿ ಬೇಡ’ ಅಂದರು.

ಈ ವಿಷಯವನ್ನು ನಮ್ಮಂಥವರು ಗಮನ ಇಟ್ಟು ಕೇಳಬೇಕು. ಡೆನೋಸುಮ್ಯಾಬ್ ಒಳ್ಳೆಯ ಔಷಧವೇ. ಆದರೆ ತಾರೀಖು ತಪ್ಪಬಾರದು. ತಪ್ಪಿದರೆ ಅಲ್ಲಿಯತನಕ ಗಳಿಸಿದ್ದು ಬೇಗ ಬೇಗ ಕರಗುತ್ತದೆ, ಬೆನ್ನುಮೂಳೆ ಒಂದರ ಹಿಂದೆ ಒಂದು ಕುಸಿಯುವ ಅಪಾಯವೂ ಇದೆ. ನಿಲ್ಲಿಸಲೇಬೇಕಾದರೆ ಡಾಕ್ಟರನ್ನು ಕೇಳಿ ಬೇರೆ ಔಷಧಕ್ಕೆ ದಾಟಿಕೊಳ್ಳಬೇಕು. ಇಲ್ಲಿನ ನನ್ನ ಗೆಳತಿಯೊಬ್ಬರು 2020ರಲ್ಲಿ ಆಸ್ಟ್ರೇಲಿಯಾ ಗಡಿ ಮುಚ್ಚಿದಾಗ ಮೈಸೂರಲ್ಲಿ ಸಿಕ್ಕಿಕೊಂಡರು. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಎಲ್ಲ ಅಲ್ಲೇ ಕೊಂಡರು. ಸೂಜಿ ಮಾತ್ರ ‘ವಾಪಸ್ ಹೋದ ಮೇಲೆ ಹಾಕಿಸಿಕೊಂಡರಾಯ್ತು’ ಅಂತ ಬಿಟ್ಟರು. ಅದೂ ನಮ್ಮಲ್ಲಿ ಸಿಗುವ ಔಷಧವೇ. ಮರುವರ್ಷ ಅವರ ಬೆನ್ನಲ್ಲಿ ಎರಡು ಕಡೆ ಮುರಿದಿತ್ತು.

ನಾನು ವರ್ಷದ ಡ್ರಿಪ್ ಆರಿಸಿಕೊಂಡೆ. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರಲು ಹೇಳಿದರು. ಕೀಳಿಸುವ ಹಲ್ಲಿದ್ದರೆ ಮೊದಲೇ ಕೀಳಿಸಿಕೊಳ್ಳಿ ಅಂದರು, ಯಾಕೆಂದರೆ ಈ ಔಷಧದಿಂದ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆ ಆಗುವುದುಂಟು. ರಕ್ತ ಪರೀಕ್ಷೆ ಮಾಡಿ ಕಿಡ್ನಿ, ವಿಟಮಿನ್ ಡಿ ನೋಡಿದರು. ಮೊದಲ ಸಲ ಎರಡು ದಿನ ಜ್ವರ, ಮೈ ಕೈ ನೋವು. ಆಮೇಲಿನ ಸಲ ಗೊತ್ತೇ ಆಗಲಿಲ್ಲ.

ಆದರೆ ನನ್ನನ್ನು ಬದಲಾಯಿಸಿದ್ದು ಡ್ರಿಪ್ ಅಲ್ಲ, ಕೈಯಲ್ಲಿ ಎತ್ತುವ ಕಬ್ಬಿಣ.

ಕ್ವೀನ್ಸ್‌ಲ್ಯಾಂಡಿನ ಗ್ರಿಫಿತ್ ಯೂನಿವರ್ಸಿಟಿಯಲ್ಲಿ ಬೆಲಿಂಡಾ ಬೆಕ್ ಅನ್ನುವ ಪ್ರೊಫೆಸರ್ ಮತ್ತು ಅವರ ತಂಡದವರು ಲಿಫ್ಟ್‌ಮೋರ್ ಅಂತ ಒಂದು ಪ್ರಯೋಗ ಮಾಡಿದ್ದರು. ಮುಟ್ಟು ನಿಂತ, ಮೂಳೆ ತೆಳುವಾದ 101 ಹೆಂಗಸರು. ಅರ್ಧದಷ್ಟು ಜನಕ್ಕೆ ಮನೆಯಲ್ಲೇ ಹಗುರ ವ್ಯಾಯಾಮ. ಉಳಿದರ್ಧ ಜನಕ್ಕೆ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಭಾರ ಎತ್ತುವುದು. ಹಗುರ ಭಾರ ಅಲ್ಲ. ಅವರ ಶಕ್ತಿಯ ಮಿತಿಯ ಹತ್ತಿರ ಹತ್ತಿರದ ಭಾರ. ಜೊತೆಗೆ ಕಂಬಿ ಹಿಡಿದು ಮೇಲೆ ಜಿಗಿದು ಧಪ್ಪನೆ ನೆಲಕ್ಕಿಳಿಯುವುದು. ಎಂಟು ತಿಂಗಳಾದ ಮೇಲೆ ನೋಡಿದರೆ, ಹಗುರ ವ್ಯಾಯಾಮದವರ ಸೊಂಟದ ಹತ್ತಿರದ ಬೆನ್ನುಮೂಳೆ ಸಾಂದ್ರತೆ ಶೇ 1.2ರಷ್ಟು ಇಳಿದಿತ್ತು. ಭಾರ ಎತ್ತಿದವರದು ಶೇ 2.9ರಷ್ಟು ಏರಿತ್ತು. ನೋಡೋಕೆ ಸಣ್ಣ ಅಂಕಿ. ಆದರೆ ಆ ವಯಸ್ಸಲ್ಲಿ ಇಳಿಯುವುದೇ ರೂಢಿ, ಏರುವುದಲ್ಲ.

ಹೀಗೆ ಭಾರ ಎತ್ತಲು ನಾನು ಹೋಗುವ ಕಡೆ ಹನ್ನೆರಡು ಜನ ಇದ್ದೇವೆ. ಎಲ್ಲರಿಗಿಂತ ಹಿರಿಯರಿಗೆ 78. ಮೊದಲ ದಿನ ಅವರು ಬಗ್ಗಿ ಬಾರ್ ಹಿಡಿದಾಗ ನನ್ನ ಕೈ ತಾನಾಗೇ ಮುಂದೆ ಹೋಯಿತು, ಸಹಾಯ ಮಾಡೋಣ ಅಂತ. ಹೇಳಿಕೊಡುವ ಹುಡುಗಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಅಜ್ಜಿ ಉಸಿರು ಬಿಗಿ ಹಿಡಿದರು. ಬೆನ್ನು ಹಲಗೆ ಥರ ನೇರ. ಕತ್ತಿನ ಹತ್ತಿರ ನರ ಎದ್ದು ಕಾಣುತ್ತಿತ್ತು. ಬಾರ್ ನೆಲ ಬಿಟ್ಟು ಮೊಣಕಾಲು ದಾಟಿ ಮೇಲೆ ಬಂತು. ಕೆಳಗಿಟ್ಟು ಹಿಡಿತಕ್ಕೆ ಅಂತ ಅಂಗೈಗೆ ಹಚ್ಚಿದ್ದ ಬಿಳಿ ಪುಡಿ ಒರೆಸಿಕೊಂಡರು. ಯಾರೂ ‘ಪಾಪ’ ಅನ್ನಲಿಲ್ಲ.

ಆ ‘ಪಾಪ’ದ ಬಗ್ಗೆಯೇ ನನ್ನ ತಕರಾರು. ನಮ್ಮ ಕಡೆ ವಯಸ್ಸಾದವರ ಮೇಲೆ ಪ್ರೀತಿ ಅಂದರೆ ಕೈಯಲ್ಲಿದ್ದ ಭಾರ ಇಳಿಸುವುದು. ಕೊಡ ಕಿತ್ತುಕೋ, ಸೌದೆ ಕಿತ್ತುಕೋ, ಕಾಯಿ ಚೀಲ ಕಿತ್ತುಕೋ. ‘ಕೂತ್ಕೊಳ್ಳಿ ಅಮ್ಮ, ನಾವಿದೀವಲ್ಲ.’ ಕೂತು ಕೂತು ಮೂಳೆ ಕರಗುತ್ತದೆ. ಮೂಳೆಗೆ ಭಾರ ಬಿದ್ದರೆ ತಾನೇ ಇನ್ನೂ ಗಟ್ಟಿಯಾಗಬೇಕು ಅಂತ ಅನಿಸುವುದು? ಯಾರೂ ಏನೂ ಕೇಳದಿದ್ದರೆ ಅದು ಯಾಕೆ ಗಟ್ಟಿಯಾಗುತ್ತದೆ?

ಕೇಳಿದರೆ ಎಲ್ಲರದೂ ಒಂದೇ ಉತ್ತರ. ‘ವಾಕಿಂಗ್ ಹೋಗ್ತೀವಲ್ಲ.’ ನಡೆಯುವುದು ಹೃದಯಕ್ಕೆ ಒಳ್ಳೆಯದು, ಶುಗರಿಗೆ ಒಳ್ಳೆಯದು, ಮನಸ್ಸಿಗೆ ಇನ್ನೂ ಒಳ್ಳೆಯದು. ಆದರೆ ಬರೀ ನಡಿಗೆಯಿಂದ ಮೂಳೆ ಹೆಚ್ಚೇನೂ ಗಟ್ಟಿಯಾಗುವುದಿಲ್ಲ. ಇನ್ನು ಕೆಲವರು ಯೋಗ ಅನ್ನುತ್ತಾರೆ. ಒಂಟಿ ಕಾಲಲ್ಲಿ ನಿಲ್ಲುವ ಆಸನ ಒಳ್ಳೆಯದೇ, ಬೀಳದಂತೆ ಕಾಪಾಡುತ್ತದೆ. ಆದರೆ ಬೆನ್ನುಮೂಳೆ ತೆಳುವಾದವರು ಬೆನ್ನು ಬಗ್ಗಿಸಿ ಕಾಲ ಬೆರಳು ಮುಟ್ಟಬಾರದು. ಬಿಲ್ಲೆಗಳ ಮುಂಭಾಗದ ಮೇಲೆ ಒತ್ತಡ ಬಿದ್ದು ಕುಸಿಯಬಹುದು. ನಮ್ಮೂರಿನ ಯೋಗ ಶಿಬಿರದಲ್ಲಿ ಎಪ್ಪತ್ತರ ಹೆಂಗಸರಿಗೂ ಪಾದಹಸ್ತಾಸನ ಮಾಡಿಸುತ್ತಿದ್ದರು. ನೋಡಿ ನನ್ನ ಎದೆ ಧಸಕ್ಕೆಂದಿತು.

ಅಕ್ಕನ ಕತೆ ಹೇಳಲೇಬೇಕು. ಅಕ್ಕನಿಗೆ 64. ನಲವತ್ತೆರಡಕ್ಕೇ ಜಾಸ್ತಿ ಸ್ರಾವ ಅಂತ ಗರ್ಭಕೋಶ ತೆಗೆದುಹಾಕಿದರು, ಜೊತೆಗೆ ಅಂಡಾಶಯವನ್ನೂ. ಅಂಡಾಶಯ ಹೋದರೆ ಈಸ್ಟ್ರೋಜನ್ ಹಾರ್ಮೋನು ಹೋಯಿತು, ಮೂಳೆಗಿದ್ದ ಕಾವಲು ಹೋದ ಹಾಗೆ. ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಅಕ್ಕನಿಗೆ ಅದು ಕೆಲವು ವರ್ಷ ಮುಂಚೆಯೇ ಶುರುವಾಯಿತು. ಹಾರ್ಮೋನಿನ ಮಾತು ಯಾರೂ ಎತ್ತಲಿಲ್ಲ, ಸ್ಕ್ಯಾನಿನ ಮಾತೂ ಇಲ್ಲ. ನಮ್ಮ ಕಡೆ ಹೀಗೆ ನಲವತ್ತರ ಆಸುಪಾಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಬೀದಿಗಿಬ್ಬರು ಸಿಗುತ್ತಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ಸಲ ಸ್ಕ್ಯಾನ್ ಮಾಡಿಸಿ.

ಎರಡು ವರ್ಷದ ಹಿಂದೆ ಅಕ್ಕ ಬಚ್ಚಲಲ್ಲಿ ಜಾರಿ ಕೈ ಊರಿದಳು. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿದ ದಿನ ಮನೆಯಲ್ಲಿ ಪಾಯಸ. ಒಂದು ಸ್ಟ್ರಿಪ್ ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದು ವಿಟಮಿನ್ ಡಿ ಪುಡಿ. ಅಷ್ಟೇ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದೇ ಒಂದು ಎಚ್ಚರಿಕೆ, ಮುಂದಿನದು ಸೊಂಟವೂ ಆಗಿರಬಹುದು ಅಂತ ಹೇಳಿದವರಿಲ್ಲ. ನಾನು ಇಲ್ಲಿಂದ ಫೋನಿನಲ್ಲಿ ಜಗಳ ಆಡಿ ಹಾಸನಕ್ಕೆ ಕಳಿಸಿದೆ. ಮೈನಸ್ 3.1 ಬಂತು.

ಅಕ್ಕನ ಊಟವೂ ಹಾಗೆಯೇ. ಅರವತ್ತಾದ ಮೇಲೆ ರಾತ್ರಿ ಎರಡು ತುತ್ತು ಮಜ್ಜಿಗೆ ಅನ್ನ. ಶನಿವಾರ ಒಪ್ಪತ್ತು. ‘ವಯಸ್ಸಾದ ಮೇಲೆ ಎಷ್ಟು ಬೇಕು’ ಅನ್ನುತ್ತಾಳೆ. ಅದು ಉಲ್ಟಾ. ವಯಸ್ಸಾದಂತೆ ಪ್ರೋಟೀನ್ ಇನ್ನೂ ಬೇಕು, ಇಲ್ಲದಿದ್ದರೆ ಮೂಳೆ ಹಿಡಿದುಕೊಳ್ಳುವ ಸ್ನಾಯು ಉಳಿಯುವುದಿಲ್ಲ. ಇಲ್ಲಿ ನನ್ನ ಪಕ್ಕದ ಮನೆಯ ಅಜ್ಜಿ ರಾತ್ರಿ ಮೀನು, ಮೊಟ್ಟೆ, ಒಂದು ದೊಡ್ಡ ಬಟ್ಟಲು ಮೊಸರು ತಿನ್ನುತ್ತಾರೆ, ಯಾವ ಸಂಕೋಚವೂ ಇಲ್ಲದೆ.

ಇಷ್ಟು ಬರೆದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಆ ಪಕ್ಕದ ಮನೆಯ ಅಜ್ಜಿ ಹೋದ ಚಳಿಗಾಲ ಅಡುಗೆಮನೆಯಲ್ಲಿ ಬಿದ್ದರು. ರಾತ್ರಿಯಿಡೀ ಟೈಲ್ಸ್ ಮೇಲೆ ಬಿದ್ದಿದ್ದರು. ಬೆಳಗ್ಗೆ ಬಾಗಿಲ ಹತ್ತಿರ ಪೇಪರು ಹಾಗೇ ಇದ್ದಿದ್ದು ನೋಡಿ ನಾನು ಹೋದೆ. ಅಕ್ಕ ಬಚ್ಚಲಲ್ಲಿ ಬಿದ್ದಾಗ ಕೂಗು ಮುಗಿಯುವ ಮುಂಚೆ ಐದು ಜನ ಬಾಗಿಲಲ್ಲಿದ್ದರು. ಕೊಡ ಕಿತ್ತುಕೊಳ್ಳುವ ಕೈಗಳೇ ಅವು. ಇದನ್ನು ಬರೆಯುವಾಗ ಗಂಟಲು ಕಟ್ಟುತ್ತದೆ.

ಇಲ್ಲಿನ ವ್ಯವಸ್ಥೆಯೂ ತೂತಿಲ್ಲದ್ದಲ್ಲ. ಮೂಳೆ ಮುರಿದುಕೊಂಡು ಬಂದವರಲ್ಲಿ ಎಷ್ಟೋ ಜನ ಇಲ್ಲೂ ಮೂಳೆ ಔಷಧವಿಲ್ಲದೆ ಮನೆಗೆ ಹೋಗುತ್ತಾರೆ. ಭಾರ ಎತ್ತಿಸುವವರು ಹಳ್ಳಿ ಹಳ್ಳಿಯಲ್ಲಿ ಇಲ್ಲ, ಫೀಸೂ ಕಡಿಮೆಯಲ್ಲ. ಆ ಪ್ರಯೋಗದಲ್ಲಿ ಪ್ರತಿ ಕ್ಷಣವೂ ಪಕ್ಕದಲ್ಲಿ ತಿಳಿದವರು ನಿಂತಿದ್ದರು. ನನಗೂ ಮೊದಲ ಎರಡು ತಿಂಗಳು ಬರೀ ಕೋಲು ಹಿಡಿಸಿ ಬಗ್ಗುವುದು ಕಲಿಸಿದರು. ಕಲಿಯದೆ ಎತ್ತಿದರೆ ಬೆನ್ನು ಹೋಗುತ್ತದೆ. ಆ ಲೆಕ್ಕದಲ್ಲಿ ತಮ್ಮನ ಹೆಂಡತಿಯ ಭಯ ಪೂರ್ತಿ ಸುಳ್ಳಲ್ಲ.

ಮತ್ತೆ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ 300. ರಾಗಿಯದು ಅಷ್ಟೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿಸಿದರೆ ಇನ್ನಷ್ಟು ಹತ್ತುತ್ತದೆ. ಇಲ್ಲಿ ನಾನು ಇಂಡಿಯನ್ ಅಂಗಡಿಗೆ ಮುಕ್ಕಾಲು ಗಂಟೆ ಕಾರು ಓಡಿಸಿ ತರುವ ಹಿಟ್ಟು ಊರಿನ ಮನೆಯಲ್ಲಿ ಡಬ್ಬದಲ್ಲೇ ಇದೆ. ನುಗ್ಗೆ ಸೊಪ್ಪು ಹಿತ್ತಲಲ್ಲೇ ಇದೆ. ಎಳ್ಳು ಸಂಕ್ರಾಂತಿಗೆ ಮಾತ್ರ ಯಾಕೆ?

ಅಕ್ಕ ಈಗ ಔಷಧ ತಗೊಳ್ಳುತ್ತಿದ್ದಾಳೆ, ಕಾಫಿಗೆ ಅರ್ಧ ಗಂಟೆ ಕಾಯುತ್ತಾಳೆ. ಹಾಸನದಲ್ಲಿ ಒಬ್ಬ ಫಿಸಿಯೋ ಹುಡುಗಿ ಸಿಕ್ಕಿದ್ದಾಳೆ, ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗುವುದು ಕಲಿಸಿದ್ದಾಳೆ. ಹೋದ ಭಾನುವಾರ ವಿಡಿಯೊ ಕಾಲಿನಲ್ಲಿ ಅಕ್ಕ ಫೋನನ್ನು ಕಟ್ಟೆ ಮೇಲಿಟ್ಟು ‘ನೋಡು’ ಅಂದಳು. ಕಾಲು ಅಗಲ ಇಟ್ಟಳು. ಅರ್ಧ ತುಂಬಿದ ಬಿಂದಿಗೆ ಎತ್ತಿದಳು, ಇಳಿಸಿದಳು. ಐದು ಸಲ. ಹಿಂದೆ ತಮ್ಮನ ಹೆಂಡತಿ ಎರಡೂ ಕೈ ಚಾಚಿಕೊಂಡೇ ನಿಂತಿದ್ದಳು. ಮುಟ್ಟಲಿಲ್ಲ.