ಇಂಟರ್ವಲ್ ಆದಮೇಲೆ: ತೊಂಬತ್ತರ ದಶಕದ ನನ್ನ ಹತ್ತು ಆಲ್ಟರ್ನೇಟಿವ್ ರಾಕ್ ಆಲ್ಬಮ್‌ಗಳು

ತೊಂಬತ್ತರ ದಶಕದ ಆಲ್ಟರ್ನೇಟಿವ್ ರಾಕ್‌ನ, ಅಂದ್ರೆ ಮುಖ್ಯವಾಹಿನಿಯ ಹೊರಗೆ ಹುಟ್ಟಿದ ರಾಕ್ ಸಂಗೀತದ, ಯಾವ ಪಟ್ಟಿ ತೆಗೆದರೂ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಒಂದನೇದೋ ಎರಡನೇದೋ ಆಗಿ ಕೂತಿರುತ್ತೆ. ನನ್ನ ಪಟ್ಟಿಯಲ್ಲಿ ಅದು ಎಂಟನೇದು. ಬೈಯೋರು ಇಲ್ಲೇ ಬೈದು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ನನ್ನ ಅಳತೆಗೋಲು ಒಂದೇ. ಎಂಟಿವಿಯಲ್ಲಿ, ರೇಡಿಯೊದಲ್ಲಿ ಬಂದ ಹಾಡುಗಳೆಲ್ಲ ಮುಗಿದ ಮೇಲೆ ಆ ಬ್ಯಾಂಡಿನ ಹತ್ತಿರ ಇನ್ನೇನು ಉಳಿದಿದೆ? ಇಂಟರ್ವಲ್ ತನಕ ಜೋರಾಗಿ ಓಡಿ, ಆಮೇಲೆ ಕತೆ ಎತ್ತ ಹೋಗಬೇಕು ಅಂತ ತಿಳಿಯದೆ ಎರಡು ಹಾಡು ಒಂದು ಫೈಟಿನಲ್ಲಿ ಕಾಲ ತಳ್ಳುವ ಸಿನಿಮಾಗಳು ಇರ್ತವಲ್ಲ, ಆ ಕಾಲದ ಎಷ್ಟೋ ಆಲ್ಬಮ್‌ಗಳು ಹಾಗೇ. ಅದಕ್ಕೆ ಕಾರಣ ಸಿಡಿ. ಎಲ್‌ಪಿಯ, ಅಂದ್ರೆ ಹಳೇ ಗ್ರಾಮಫೋನ್ ತಟ್ಟೆಯ, ಒಂದು ಮಗ್ಗುಲಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಸಿದರೆ ಹೆಚ್ಚು. ತಿರುಗಿಸಿ ಹಾಕಿದಾಗ ಆ ಮಗ್ಗುಲಿಗೂ ಒಂದು ಮೊದಲ ಹಾಡು ಬೇಕು, ಅದು ಗಟ್ಟಿಯಾಗಿರಲೇಬೇಕು. ಸಿಡಿಯಲ್ಲಿ 74 ನಿಮಿಷ ಒಂದೇ ಉದ್ದಕ್ಕೆ. ಮಧ್ಯ ಅನ್ನೋದೇ ಮಾಯವಾಯ್ತು. ಸಿಂಗಲ್‌ಗಳನ್ನೆಲ್ಲ, ಅಂದ್ರೆ ಬಿಡಿಯಾಗಿ ಬಿಡೋ ಹಾಡುಗಳನ್ನೆಲ್ಲ, ತಂದು ಮುಂದೆ ಸುರಿದರು, ಹಿಂದಿನ ಜಾಗಕ್ಕೆ ಕೈಗೆ ಸಿಕ್ಕಿದ್ದು ತುಂಬಿದರು. ಹಾಗೆ ತುಂಬದವರನ್ನು ಹುಡುಕೋದೇ ನನ್ನ ಆಟ. ಅರ್ಧ ಆದಮೇಲಿನ ಹಾಡುಗಳಿಗೆ ಹೆಚ್ಚು ಅಂಕ, ಮುಂದಿನ ಹಾಡುಗಳಿಗೆ ಕಡಿಮೆ.

ಹತ್ತನೇದು ಆಲಿಸ್ ಇನ್ ಚೇನ್ಸ್‌ನ ‘ಡರ್ಟ್’ (1992), ಒಂಬತ್ತನೇದು ಪರ್ಲ್ ಜಾಮ್‌ನ ‘ಟೆನ್’ (1991). ಎರಡನ್ನೂ ಒಟ್ಟಿಗೆ ಹೇಳೋದಕ್ಕೆ ಕಾರಣ ಇದೆ. ಅಮೆರಿಕದ ಸಿಯಾಟಲ್ ನಗರದ ಮದರ್ ಲವ್ ಬೋನ್ ಬ್ಯಾಂಡಿನ ಗಾಯಕ ಆಂಡ್ರ್ಯೂ ವುಡ್ 1990ರಲ್ಲಿ ಹೆರಾಯಿನ್‌ಗೆ ಬಲಿಯಾದ. ಅವನ ಜೊತೆಗಾರರಾದ ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್ ಸೇರಿ ಕಟ್ಟಿದ್ದೇ ಪರ್ಲ್ ಜಾಮ್. ಅದೇ ವುಡ್‌ನನ್ನು ನೆನೆದು ಆಲಿಸ್ ಇನ್ ಚೇನ್ಸ್‌ನ ಗಿಟಾರಿಸ್ಟ್ ಜೆರ್ರಿ ಕ್ಯಾಂಟ್ರೆಲ್ ಬರೆದ ‘ವುಡ್?’ ಹಾಡು ‘ಡರ್ಟ್’ನ ಕೊನೆಯಲ್ಲಿದೆ. ಕ್ಯಾಂಟ್ರೆಲ್ ಮತ್ತು ಗಾಯಕ ಲೇನ್ ಸ್ಟೇಲಿಯ ಎರಡು ದನಿ ಕೂಡಿದಾಗ ಆಗೋದು ಬೇರೆ ಯಾವ ಸಿಯಾಟಲ್ ಬ್ಯಾಂಡಿನಲ್ಲೂ ಆಗಲ್ಲ. ಆದರೆ ದ್ವಿತೀಯಾರ್ಧ ಪೂರ್ತಿ ನಂಜು. ಪದೇ ಪದೇ ಕೇಳೋಕೆ ನನ್ನ ಕೈಲಿ ಆಗಲ್ಲ, ಅದಕ್ಕೇ ಹತ್ತು. ‘ಟೆನ್’ ಕೇಳೋರಲ್ಲಿ ಬಹಳ ಮಂದಿ ಆರನೇ ಹಾಡು ‘ಜೆರೆಮಿ’ ಮುಗಿದ ಕೂಡಲೇ ಎದ್ದು ಹೋಗ್ತಾರೆ. ಏಳನೇದು ‘ಓಷನ್ಸ್’. ಅದರ ತಾಳಕ್ಕೆ ಮಿಕ್ಸ್ ಮಾಡಿದ ಟಿಮ್ ಪಾಮರ್ ಸ್ಟುಡಿಯೊದಲ್ಲಿದ್ದ ಬೆಂಕಿ ಆರಿಸೋ ಸಿಲಿಂಡರ್ ಬಡಿದು, ಮೆಣಸಿನಪುಡಿ ಡಬ್ಬಿ ಅಲ್ಲಾಡಿಸಿದ್ದಾನೆ. ಆಲ್ಬಮ್ಮಿನ ಮೇಲೆ ಹಾಗಂತ ಅಚ್ಚೂ ಹಾಕಿದ್ದಾರೆ. ಕೊನೆಯ ‘ರಿಲೀಸ್’ನಲ್ಲಿ ಗಾಯಕ ಎಡ್ಡಿ ವೆಡ್ಡರ್ ತೀರಿಹೋದ ಅಪ್ಪನನ್ನು ಕರೆಯೋದನ್ನ ಕೇಳಿಯೂ ಈ ಆಲ್ಬಮ್ ಅಂದ್ರೆ ‘ಅಲೈವ್’, ‘ಜೆರೆಮಿ’ ಅಷ್ಟೇ ಅನ್ನೋರ ಜೊತೆ ನನಗೆ ಮಾತಿಲ್ಲ.

ಈಗ ಎಂಟು. ನಿರ್ವಾಣದ ‘ನೆವರ್‌ಮೈಂಡ್’ (1991) ಚರಿತ್ರೆಯಲ್ಲಿ ಎಷ್ಟು ದೊಡ್ಡದು ಅಂತ ನನಗೂ ಗೊತ್ತು. 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಅಮೆರಿಕದ ಬಿಲ್‌ಬೋರ್ಡ್ ಮಾರಾಟದ ಪಟ್ಟಿಯ ತುದಿಯಿಂದ ಕೆಳಗಿಳಿಸಿದ ಆಲ್ಬಮ್ ಅದು. ಮೊದಲ ಆರು ಹಾಡಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಆಮೇಲಿನದು. ‘ಡ್ರೇನ್ ಯೂ’ ಅದ್ಭುತ, ನಿಜ. ‘ಲೌಂಜ್ ಆ್ಯಕ್ಟ್’, ‘ಸ್ಟೇ ಅವೇ’, ‘ಆನ್ ಎ ಪ್ಲೇನ್’ ಮೂರೂ ಬಿಡಿಬಿಡಿಯಾಗಿ ಒಳ್ಳೇ ಹಾಡುಗಳೇ. ಆದರೆ ಮೊದಲರ್ಧದಲ್ಲಿ ಕೇಳಿದ್ದಕ್ಕಿಂತ ಹೊಸದೇನನ್ನೂ ಅವು ಹೇಳಲ್ಲ. ಕಾಪಾಡೋದು ಕೊನೆಯ ‘ಸಮ್‌ಥಿಂಗ್ ಇನ್ ದ ವೇ’. ಬ್ಯಾಂಡ್ ಸಮೇತ ಬಾರಿಸಿದಾಗ ಅದು ಕೂಡಿಬರಲಿಲ್ಲ. ಗಾಯಕ ಕರ್ಟ್ ಕೊಬೇನ್ ಕಂಟ್ರೋಲ್ ರೂಮಿನ ಸೋಫಾ ಮೇಲೆ ಮಲಗಿ, ಐದೇ ತಂತಿ ಉಳಿದಿದ್ದ ಹಳೇ ಗಿಟಾರು ಹಿಡಿದು, ಕೇಳಿಸಿಯೂ ಕೇಳಿಸದ ಹಾಗೆ ಹಾಡಿ ತೋರಿಸಿದ. ಪ್ರೊಡ್ಯೂಸರ್ ಬುಚ್ ವಿಗ್ ಅಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡಿ, ಡ್ರಮ್ಸ್, ಬಾಸ್ ಎಲ್ಲವನ್ನೂ ಆ ಪಿಸುದನಿಯ ಮೇಲೆ ಆಮೇಲೆ ಕೂರಿಸಿದ. ಆ ಒಂದು ಹಾಡು ಇಲ್ಲದಿದ್ದರೆ ‘ನೆವರ್‌ಮೈಂಡ್’ ನನ್ನ ಹತ್ತರೊಳಗೇ ಬರ್ತಿರಲಿಲ್ಲ.

ಏಳು, ಪಿ.ಜೆ. ಹಾರ್ವಿಯ ‘ರಿಡ್ ಆಫ್ ಮಿ’ (1993). ಮೂವರು, ಒಂದು ಗಿಟಾರು, ಮುಚ್ಚುಮರೆ ಇಲ್ಲದ ಸದ್ದು. ದನಿ ಎಷ್ಟು ತಗ್ಗಿಸ್ತಾಳೆ ಅಂದ್ರೆ ನೀವೇ ವಾಲ್ಯೂಮ್ ಏರಿಸ್ತೀರಿ, ಏರಿಸಿದ ಮರುಕ್ಷಣ ಕಪಾಳಕ್ಕೆ ಬಾರಿಸಿದ ಹಾಗೆ ಗಿಟಾರು ನುಗ್ಗುತ್ತೆ. ಕೊನೆ ಕೊನೆಗೆ ಬರೋ ‘ಸ್ನೇಕ್’ ಎರಡು ನಿಮಿಷವೂ ಇಲ್ಲ, ಕೇಳಿ ಮುಗಿಸೋ ಹೊತ್ತಿಗೆ ಸುಸ್ತು.

ಆರು, ಸ್ಮ್ಯಾಶಿಂಗ್ ಪಂಪ್‌ಕಿನ್ಸ್‌ನ ‘ಸಯಾಮೀಸ್ ಡ್ರೀಮ್’ (1993). ಇದಕ್ಕೂ ಪ್ರೊಡ್ಯೂಸರ್ ಬುಚ್ ವಿಗ್. ಹೆಸರಿಗೆ ನಾಲ್ಕು ಜನರ ಬ್ಯಾಂಡು. ಗಿಟಾರು, ಬಾಸ್ ಬಹುಪಾಲು ನುಡಿಸಿದ್ದು ಬಿಲ್ಲಿ ಕಾರ್ಗನ್ ಒಬ್ಬನೇ. ಡ್ರಮ್ಸ್ ಮಾತ್ರ ಜಿಮ್ಮಿ ಚೇಂಬರ್ಲಿನ್‌ಗೆ ಬಿಟ್ಟ, ಬಿಡದೆ ಗತ್ಯಂತರ ಇರಲಿಲ್ಲ, ಹಾಗೆ ಬಾರಿಸೋನು ಇನ್ನೊಬ್ಬ ಸಿಗ್ತಿರಲಿಲ್ಲ. ‘ಟುಡೇ’, ‘ಡಿಸಾರ್ಮ್’ ಎರಡೂ ಮೊದಲ ಆರರಲ್ಲೇ ಮುಗಿದುಹೋಗ್ತವೆ. ಏಳನೇದು ‘ಸೋಮಾ’. ಮೆಲ್ಲಗೆ ಶುರುವಾಗಿ, ಗಿಟಾರಿನ ಮೇಲೆ ಗಿಟಾರು ಪೇರಿಸಿಕೊಂಡು ಹೋಗೋ ಹಾಡು. ಅದರಲ್ಲಿ ಪಿಯಾನೊ ನುಡಿಸಿರೋದು ಆರ್.ಇ.ಎಂ. ಬ್ಯಾಂಡಿನ ಮೈಕ್ ಮಿಲ್ಸ್. ಈ ಹೆಸರು ನೆನಪಿಡಿ, ಮುಂದೆ ಬರುತ್ತೆ. ‘ಮೆಯೊನೇಸ್’ನಲ್ಲಿ ಕೇಳೋ ಆ ಸಿಳ್ಳೆ ಕಾರ್ಗನ್ ಅಗ್ಗಕ್ಕೆ ಕೊಂಡ ಗಿಟಾರಿನ ದೋಷ. ನುಡಿಸೋದು ನಿಲ್ಲಿಸಿದಾಗೆಲ್ಲ ಅದು ಕುಯ್ಯೋ ಅನ್ನುತ್ತಿತ್ತು. ಬೇರೆಯವರಾಗಿದ್ರೆ ಗಿಟಾರು ಬದಲಾಯಿಸ್ತಿದ್ರು, ಇವನು ಆ ದೋಷವನ್ನೇ ರಾಗದೊಳಗೆ ಸೇರಿಸಿಕೊಂಡ. ಇಡೀ ದಶಕದಲ್ಲಿ ನನಗೆ ತೀರಾ ಹತ್ತಿರವಾದ ಒಂದೇ ಹಾಡು ಆರಿಸಿ ಅಂದ್ರೆ ಇದನ್ನೇ ಆರಿಸ್ತೀನಿ. ಆಲ್ಬಮ್ ಆರಕ್ಕೆ ಇಳಿದದ್ದು ಎಂಟು ನಿಮಿಷ ದಾಟುವ ‘ಸಿಲ್ವರ್‌ಫಕ್’ನಿಂದ. ಅರ್ಧಕ್ಕೆ ಕತ್ತರಿಸಬಹುದಿತ್ತು.

ಐದು, ಮೈ ಬ್ಲಡಿ ವ್ಯಾಲೆಂಟೈನ್‌ನ ‘ಲವ್‌ಲೆಸ್’ (1991). ಇದರ ಬಗ್ಗೆ ಸಂಗೀತಕ್ಕಿಂತ ಪುರಾಣವೇ ಜಾಸ್ತಿ. ಎರಡು ವರ್ಷ, 19 ಸ್ಟುಡಿಯೊ, ಕಂಪನಿ ದಿವಾಳಿಯ ಅಂಚಿಗೆ ಬಂತು ಅನ್ನೋ ಮಾತು, ಹಾಗೇನಿಲ್ಲ ಅಂತ ಬ್ಯಾಂಡಿನ ಮುಖಂಡ ಕೆವಿನ್ ಶೀಲ್ಡ್ಸ್. ಎಂಜಿನಿಯರ್‌ಗಳ ಪಟ್ಟಿ ಮಾರುದ್ದ ಇದೆ, ಟೀ ಮಾಡಿಕೊಟ್ಟವರ ಹೆಸರನ್ನೂ ಬಿಟ್ಟಿಲ್ಲ. ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಲಿ ಹಿಡಿದೇ ಮೀಟಿದ್ದರಿಂದ ಸ್ವರ ಒಂದು ಕಡೆ ನಿಲ್ಲದೆ ತೇಲುತ್ತೆ, ಆ ತೇಲಾಟವೇ ಆಲ್ಬಮ್. ಡ್ರಮ್ಮರ್ ಕಾಯಿಲೆ ಬಿದ್ದಿದ್ದರಿಂದ ಡ್ರಮ್ಸ್ ಬಹುಪಾಲು ಅವನದೇ ಸ್ಯಾಂಪಲ್‌ಗಳಿಂದ, ಅಂದ್ರೆ ರೆಕಾರ್ಡ್ ಮಾಡಿಟ್ಟ ತುಣುಕುಗಳಿಂದ, ಜೋಡಿಸಿದ್ದು. ಎಂಟನೇ ಹಾಡು ‘ಸಮ್‌ಟೈಮ್ಸ್’ನಲ್ಲಿ ಡ್ರಮ್ಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೊನೆಗೆ ಬರೋ ‘ಸೂನ್’ 1990ರಲ್ಲೇ ಬೇರೆಯಾಗಿ ಬಂದಿತ್ತು. ಹಳೇ ಹಿಟ್ ಹಾಡನ್ನ ತಂದು ಬಾಲಕ್ಕೆ ಅಂಟಿಸೋದು ನನ್ನ ಲೆಕ್ಕದಲ್ಲಿ ಸ್ವಲ್ಪ ಮೋಸ, ಆದ್ರೆ ಇಂಥ ಮೋಸ ಆದರೂ ಪರವಾಗಿಲ್ಲ.

ನಾಲ್ಕು, ಸ್ಲಿಂಟ್‌ನ ‘ಸ್ಪೈಡರ್‌ಲ್ಯಾಂಡ್’ (1991). ಆರೇ ಹಾಡು, ನಲವತ್ತು ನಿಮಿಷವೂ ಇಲ್ಲ. ಕೆಂಟಕಿಯ ಲೂಯಿವಿಲ್‌ನ ಇಪ್ಪತ್ತರ ಆಸುಪಾಸಿನ ಹುಡುಗರು 1990ರ ಆಗಸ್ಟ್‌ನಲ್ಲಿ ನಾಲ್ಕೇ ದಿನದಲ್ಲಿ ರೆಕಾರ್ಡ್ ಮಾಡಿದರು, ಆಲ್ಬಮ್ ಅಂಗಡಿಗೆ ಬರೋ ಮೊದಲೇ ಬ್ಯಾಂಡ್ ಮುರಿದುಹೋಗಿತ್ತು. ಹಿಟ್ ಅನ್ನೋದೇ ಇಲ್ಲ, ಹಾಗಾಗಿ ಇಲ್ಲಿ ಪೂರ್ತಿ ಆಲ್ಬಮ್ಮೇ ದ್ವಿತೀಯಾರ್ಧ. ಹಾಡೋದಕ್ಕಿಂತ ಗೊಣಗೋದೇ ಹೆಚ್ಚು. ಕೊನೆಯ ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ನಲ್ಲಿ ಒಂದು ಹಡಗು ಒಡೆದ ಕತೆಯನ್ನ ಏಳು ನಿಮಿಷ ಹಾಗೇ ಗೊಣಗಿ, ಕಟ್ಟಕಡೆಗೆ ಬ್ರಯಾನ್ ಮೆಕ್‌ಮೆಹನ್ ಕಿರುಚ್ತಾನೆ. ಅಷ್ಟು ಹೊತ್ತು ಅದುಮಿಟ್ಟಿದ್ದಕ್ಕೇ ಆ ಕಿರುಚಾಟಕ್ಕೆ ಬೆಲೆ. ಕಿರುಚೋದನ್ನೇ ಕಸುಬು ಮಾಡಿಕೊಂಡಿದ್ದ ಆ ದಶಕದಲ್ಲಿ ಈ ಲೆಕ್ಕಾಚಾರ ತಿಳಿದಿದ್ದವರು ಕಡಿಮೆ.

ಮೂರು, ಮತ್ತೆ ನಿರ್ವಾಣ: ‘ಇನ್ ಯುಟೆರೊ’ (1993). ‘ನೆವರ್‌ಮೈಂಡ್’ ತೀರಾ ನುಣುಪಾಯ್ತು ಅಂತ ಕೊಬೇನ್‌ಗೇ ಮುಜುಗರ ಇತ್ತು. ಹಾಗಾಗಿ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿಯ ಹತ್ತಿರ ಹೋದರು. ಮಿನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೊ, 1993ರ ಫೆಬ್ರವರಿ. ಕೆಲವೇ ವಾರಗಳ ಹಿಂದೆ ಅದೇ ಸ್ಟುಡಿಯೊದಲ್ಲಿ ಅದೇ ಆಲ್ಬಿನಿ ‘ರಿಡ್ ಆಫ್ ಮಿ’ ರೆಕಾರ್ಡ್ ಮಾಡಿ ಮುಗಿಸಿದ್ದ. ಎರಡು ಆಲ್ಬಮ್ಮಿನ ಡ್ರಮ್ಸ್ ಒಂದರ ಹಿಂದೊಂದು ಕೇಳಿ, ಕೋಣೆ ಒಂದೇ ಅಂತ ಕಿವಿಗೇ ಗೊತ್ತಾಗುತ್ತೆ. ಆಲ್ಬಿನಿ ರಾಯಲ್ಟಿ ಬೇಡ ಅಂದ. ಪ್ಲಂಬರ್‌ಗೆ ಕೊಟ್ಟ ಹಾಗೆ ಕೊಡಿ, ಕೆಲಸ ಮಾಡ್ತೀನಿ, ಅದರ ಕೂಲಿ ತಗೋತೀನಿ ಅಂತ ಬ್ಯಾಂಡಿಗೆ ಕಾಗದ ಬರೆದ. ಒಂದು ಲಕ್ಷ ಡಾಲರ್ ಒಂದೇ ಸಲ ತಗೊಂಡು ಸುಮ್ಮನಾದ. ಲಕ್ಷಗಟ್ಟಲೆ ಮಾರಿದ ಆಲ್ಬಮ್ಮಿನಿಂದ ಆಮೇಲೆ ಬರಬಹುದಾಗಿದ್ದ ಹಣ ಎಷ್ಟಿತ್ತು ಅಂತ ಯೋಚಿಸಿ. ಸಂಗೀತದ ವ್ಯಾಪಾರದಲ್ಲಿ ಹೀಗೂ ಒಬ್ಬ ಇದ್ದ. 2024ರಲ್ಲಿ ತೀರಿಕೊಂಡ.

ಇನ್ನು ಇಂಟರ್ವಲ್ ನಂತರದ ಕತೆ. ‘ಮಿಲ್ಕ್ ಇಟ್’ನಲ್ಲಿ ಡ್ರಮ್ಮರ್ ಡೇವ್ ಗ್ರೋಲ್ ಬಾರಿಸೋದು ಬರೀ ಕೇಳಿಸಲ್ಲ, ಎದೆಗೆ ಬಂದು ಬಡಿಯುತ್ತೆ. ‘ರೇಡಿಯೊ ಫ್ರೆಂಡ್ಲಿ ಯೂನಿಟ್ ಶಿಫ್ಟರ್’ ಅನ್ನೋ ಹೆಸರಿಟ್ಟು ಯಾವ ರೇಡಿಯೊದವನೂ ಮುಟ್ಟಬಾರದ ಹಾಡು ಮಾಡಿದ್ದಾರೆ. ‘ಟುರೆಟ್ಸ್’ ಒಂದೂವರೆ ನಿಮಿಷದ ಬರೀ ಅರಚಾಟ. ಅದು ಮುಗಿದ ಕೂಡಲೇ ಕೆರಾ ಶೇಲಿಯ ಚೆಲ್ಲೊ ಇರೋ ‘ಆಲ್ ಅಪಾಲಜೀಸ್’. ಕಂಪನಿಗೆ ಆಲ್ಬಿನಿಯ ಸದ್ದು ಹಿಡಿಸಲಿಲ್ಲ, ಕೊನೆಗೆ ಎರಡು ಹಾಡನ್ನು ಸ್ಕಾಟ್ ಲಿಟ್ ಅನ್ನೋ ಪ್ರೊಡ್ಯೂಸರ್ ಹತ್ತಿರ ಮತ್ತೆ ಮಿಕ್ಸ್ ಮಾಡಿಸಿದರು. ಅದರಲ್ಲೊಂದು ಇದು. ಶುದ್ಧಾನುಶುದ್ಧ ಅಭಿಮಾನಿಗಳು ಇದನ್ನು ದ್ರೋಹ ಅಂತಾರೆ. ನನಗೆ ಲಿಟ್ ಮಿಕ್ಸೇ ಇಷ್ಟ.

ಎರಡು, ರೇಡಿಯೊಹೆಡ್‌ನ ‘ಓಕೆ ಕಂಪ್ಯೂಟರ್’ (1997). ಹೇಳಬೇಕಾದ್ದನ್ನೆಲ್ಲ ಜನ ಹೇಳಿಯಾಗಿದೆ, ಚುಟುಕಾಗಿ ಮುಗಿಸ್ತೀನಿ. ಹನ್ನೆರಡರಲ್ಲಿ ಏಳನೇದು ‘ಫಿಟರ್ ಹ್ಯಾಪಿಯರ್’, ಮ್ಯಾಕಿಂಟಾಷ್ ಕಂಪ್ಯೂಟರಿನ ದನಿಯಲ್ಲಿ ಓದಿಸಿದ ಎರಡು ನಿಮಿಷ. ಎಲ್ಲರೂ ದಾಟಿಸ್ತಾರೆ. ದಾಟಿಸಬೇಡಿ, ಮಾಯವಾಗಿದ್ದ ಇಂಟರ್ವಲ್ಲನ್ನ ಇವರು ಹಾಡಾಗಿ ವಾಪಸ್ ತಂದಿದ್ದಾರೆ. ‘ಕ್ಲೈಂಬಿಂಗ್ ಅಪ್ ದ ವಾಲ್ಸ್’ನ ಕೊನೆಗೆ ಬ್ಯಾಂಡಿನ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್ 16 ಪಿಟೀಲುಗಳನ್ನು ಒಂದರಿಂದ ಒಂದಕ್ಕೆ ಕಾಲು ಸ್ವರದ ಅಂತರದಲ್ಲಿ ನಿಲ್ಲಿಸಿದ್ದಾನೆ. ಶ್ರುತಿ ಸೇರಬಾರದು ಅಂತಲೇ ಇಷ್ಟು ಶ್ರದ್ಧೆಯಿಂದ ಕೂರಿಸಿದ್ದು ಕೇಳಿದಾಗ ಮೈ ಜುಂ ಅನ್ನುತ್ತೆ. ‘ಲಕ್ಕಿ’ಯನ್ನು 1995ರಲ್ಲೇ, ಬಾಸ್ನಿಯಾ ಯುದ್ಧದ ಮಕ್ಕಳಿಗಾಗಿ ಬಂದ ಒಂದು ಸಹಾಯಾರ್ಥ ಆಲ್ಬಮ್ಮಿಗೆ ಐದು ಗಂಟೆಯಲ್ಲಿ ರೆಕಾರ್ಡ್ ಮಾಡಿದ್ದರು. ಇಷ್ಟೆಲ್ಲ ಇದ್ದೂ ಯಾಕೆ ಒಂದನೇದಲ್ಲ? ಸೊಗಸಾದ ‘ಲೆಟ್ ಡೌನ್’ ಇರೋದು ಮೊದಲರ್ಧದಲ್ಲಿ. ಸಪ್ಪೆ ‘ಎಲೆಕ್ಷನಿಯರಿಂಗ್’ ಇರೋದು ದ್ವಿತೀಯಾರ್ಧದಲ್ಲಿ. ನನ್ನ ಲೆಕ್ಕದ ಪ್ರಕಾರ ಇಷ್ಟೇ ಸಾಕು ಸೋಲೋಕೆ.

ಒಂದು: ಆರ್.ಇ.ಎಂ., ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’, 1992.

ಸಿಯಾಟಲ್‌ನವರೆಲ್ಲ ಆಂಪ್ಲಿಫಯರ್ ಏರಿಸುತ್ತಿದ್ದ ವರ್ಷ ಅದು. ಇವರೂ ಈ ಸಲ ಜೋರು ಗಿಟಾರಿನ ಆಲ್ಬಮ್ ಮಾಡೋಣ ಅಂತಲೇ ಹೊರಟಿದ್ದು, ಆಗಿದ್ದು ಮಾತ್ರ ಸಾವು, ವಯಸ್ಸು, ನೆನಪುಗಳ ನಿಧಾನದ ಆಲ್ಬಮ್. ಟೂರ್ ಕೂಡ ಮಾಡಲಿಲ್ಲ. ಪ್ರೊಡ್ಯೂಸರ್ ಅದೇ ಸ್ಕಾಟ್ ಲಿಟ್. ತಂತಿವಾದ್ಯಗಳ ಹೆಣಿಗೆ ಲೆಡ್ ಜೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್‌ದು. ಮೊದಲರ್ಧದ ‘ಎವ್ರಿಬಡಿ ಹರ್ಟ್ಸ್’ ಎಲ್ಲೆಲ್ಲೂ ಕೇಳಿ ಕೇಳಿ ನನಗೆ ಹಳಸಿಹೋಗಿದೆ, ಅದನ್ನ ಪಕ್ಕಕ್ಕಿಡಿ. ಏಳನೇದರಿಂದ ಶುರು ಮಾಡಿ. ‘ಮಾಂಟಿ ಗಾಟ್ ಎ ರಾ ಡೀಲ್’ ನಟ ಮಾಂಟ್ಗಮರಿ ಕ್ಲಿಫ್ಟ್ ಬಗ್ಗೆ. ‘ಮ್ಯಾನ್ ಆನ್ ದ ಮೂನ್’ ಹಾಸ್ಯಗಾರ ಆಂಡಿ ಕಾಫ್‌ಮನ್ ಬಗ್ಗೆ. ತೀರಿಹೋದ ಒಬ್ಬನ ಬಗ್ಗೆ ಇಷ್ಟು ಕುಣಿಸೋ ಹಾಡು ಇನ್ನೊಂದು ಗೊತ್ತಿದ್ರೆ ಹೇಳಿ. ನಡುವೆ ‘ಇಗ್ನೋರ್‌ಲ್ಯಾಂಡ್’ ಅನ್ನೋ ರಾಜಕೀಯದ ರೇಗಾಟ ಒಂದಿದೆ, ಈ ಆಲ್ಬಮ್ಮಿನಲ್ಲಿ ಅದಕ್ಕೆ ಜಾಗ ಇರಬಾರದಿತ್ತು.

ಆದರೆ ಕೊನೆಯ ಎರಡು! ‘ನೈಟ್‌ಸ್ವಿಮ್ಮಿಂಗ್’ನಲ್ಲಿ ಡ್ರಮ್ಸ್ ಇಲ್ಲ, ಗಿಟಾರೂ ಇಲ್ಲ. ಮೈಕ್ ಮಿಲ್ಸ್ ಪಿಯಾನೊದಲ್ಲಿ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತಾನೆ, ಅದರ ಮೇಲೆ ಮೈಕಲ್ ಸ್ಟೈಪ್ ಹಾಡ್ತಾನೆ, ಹಿಂದೆ ತಂತಿವಾದ್ಯ, ಕೊನೆಗೆ ಡೆಬೊರಾ ವರ್ಕ್‌ಮನ್‌ಳ ಓಬೊ ಅನ್ನೋ ಊದುವ ವಾದ್ಯ. ಸ್ಟೈಪ್ ಪಲ್ಲವಿ ಅಂತ ಏನನ್ನೂ ಕೊಡಲ್ಲ, ಹಾಡು ಎಲ್ಲೂ ಏರಲ್ಲ, ಆದರೂ ಎದ್ದು ಹೋಗೋಕೆ ಆಗಲ್ಲ. ಆಮೇಲೆ ‘ಫೈಂಡ್ ದ ರಿವರ್’. ಅದರಲ್ಲಿ ಹಿಂದಿನ ದನಿಗಳು ಮಿಲ್ಸ್‌ನದು ಮತ್ತು ಡ್ರಮ್ಮರ್ ಬಿಲ್ ಬೆರ್ರಿಯದು. ಒಬ್ಬ ಏನು ಹಾಡಿದ್ದಾನೆ ಅಂತ ಇನ್ನೊಬ್ಬ ಕೇಳದೆಯೇ ಇಬ್ಬರೂ ಬೇರೆಬೇರೆಯಾಗಿ ಹಾಡಿ ಬಂದರು. ಒಂದು ಉಕ್ಕುತ್ತೆ, ಇನ್ನೊಂದು ತಣ್ಣಗಿರುತ್ತೆ. ಹೊಂದಿಸಿ ಹಾಡಿದ್ದರೆ ಇಷ್ಟು ಹೊಂದುತ್ತಿರಲಿಲ್ಲ. ದಶಕದ ಬೇರೆ ಯಾವ ಆಲ್ಬಮ್ಮೂ ತನ್ನ ಅತ್ಯುತ್ತಮ ಎರಡು ಹಾಡುಗಳನ್ನು ಇಷ್ಟು ಧೈರ್ಯವಾಗಿ ಕಟ್ಟಕಡೆಗೆ ಇಟ್ಟಿಲ್ಲ. ಯಶಸ್ಸನ್ನ ಸಂತರ ಹಾಗೆ ನಿಭಾಯಿಸಿದರು ಅಂತ ಇವರನ್ನು ಕೊಬೇನ್ ಹೊಗಳಿದ್ದ. ಎಂಟು ಮತ್ತು ಮೂರನೇ ಸ್ಥಾನದವನೇ ಒಪ್ಪಿಕೊಂಡ ಮೇಲೆ ನಿಮ್ಮದೇನು ತಕರಾರು?

ಬಿಟ್ಟವುಗಳ ಬಗ್ಗೆ ಕೇಳೇ ಕೇಳ್ತೀರಿ. ಸೌಂಡ್‌ಗಾರ್ಡನ್‌ನ ‘ಸೂಪರ್‌ಅನ್‌ನೋನ್’ 15 ಹಾಡು, ಎಪ್ಪತ್ತು ನಿಮಿಷದ ಮೇಲೆ. ನಾಲ್ಕು ಕಿತ್ತಿದ್ದರೆ ಐದರೊಳಗೆ ಬರ್ತಿತ್ತು. ಸ್ಮ್ಯಾಶಿಂಗ್ ಪಂಪ್‌ಕಿನ್ಸ್‌ನ ‘ಮೆಲನ್ ಕಾಲಿ’ ಎರಡು ಸಿಡಿ, 28 ಹಾಡು, ಕಾರ್ಗನ್‌ಗೆ ಬೇಡ ಅನ್ನೋರು ಯಾರೂ ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ. ರೇಜ್ ಅಗೇನ್ಸ್ಟ್ ದ ಮಷೀನ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಯಾವ ಅರ್ಧ ಕೇಳಿದರೂ ಅದೇ ಸಿಟ್ಟು, ಅದೇ ಸೊಗಸು, ಹಾಗಾಗಿ ಅರ್ಧ ಸಾಕು. ಹೋಲ್‌ನ ‘ಲಿವ್ ಥ್ರೂ ದಿಸ್’ ಮತ್ತು ಜೆಫ್ ಬಕ್ಲಿಯ ‘ಗ್ರೇಸ್’, ಎರಡೂ 1994ರವು, ಹನ್ನೊಂದನೇ ಸ್ಥಾನಕ್ಕೆ ಇನ್ನೂ ಕಿತ್ತಾಡ್ತಿವೆ. ಬ್ರಿಟನ್ನಿನ ಬ್ಯಾಂಡುಗಳಲ್ಲಿ ಓಯಸಿಸ್ ದೊಡ್ಡದೋ ಬ್ಲರ್ ದೊಡ್ಡದೋ ಅನ್ನೋ 1995ರ ಜಗಳಕ್ಕೆ ನಾನು ಬರಲ್ಲ. ಅದೇ ವರ್ಷದ ಪಲ್ಪ್‌ನ ‘ಡಿಫರೆಂಟ್ ಕ್ಲಾಸ್’ ಆ ಇಬ್ಬರ ಆಲ್ಬಮ್‌ಗಳಿಗಿಂತ ಚೆನ್ನಾಗಿದೆ, ಆ ಆಲ್ಬಮ್ಮಿಗೂ ಇಲ್ಲಿ ಜಾಗ ಸಿಕ್ಕಿಲ್ಲ.