ರೇಟ್ ಎಷ್ಟು ಭಾವ?

ಗಾಲ್ವೆಯಲ್ಲೂ ಮಳೆ ಜಾಸ್ತಿ. ಆಗುಂಬೆಯವರು ಇದನ್ನು ಮಳೆ ಅಂತ ಒಪ್ಪಲಿಕ್ಕಿಲ್ಲ, ಆ ಮಾತು ಬೇರೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಈ ಊರಲ್ಲಿ ವೈದ್ಯಕೀಯ ಉಪಕರಣ ಮಾಡುವ ಕಾರ್ಖಾನೆಗಳು ತುಂಬಾ ಇವೆ. ಅಂಥದ್ದೊಂದರಲ್ಲಿ ನಾನು ಲೇಬಲ್ ವಿಭಾಗ ನೋಡಿಕೊಳ್ಳುತ್ತೇನೆ. "ಅಷ್ಟು ದೂರ ಹೋಗಿ ಚೀಟಿ ಅಂಟಿಸೋದಾ?" ಅಂತ ಅತ್ತೆ ಕೇಳಿದ್ದರು.

ಕಳೆದ ಆಷಾಢದಲ್ಲಿ ಭಾವ ಫೋನ್ ಮಾಡಿದ. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಅವನದೊಂದು ಸಣ್ಣ ಶೆಡ್ಡು. ಆಸ್ಪತ್ರೆಗಳಿಗೆ ಸಕ್ಷನ್ ಟ್ಯೂಬ್, ಅಂದರೆ ರೋಗಿಯ ಕಫ, ರಕ್ತ ಹೀರಿ ತೆಗೆಯುವ ಕೊಳವೆ, ಮಾಡಿ ಕೊಡುತ್ತಾನೆ. "ಭಾವ, ಹೊಸ ಸ್ಟಿಕ್ಕರ್ ಪ್ರಿಂಟರ್ ತಗೋಬೇಕು. ಯಾವುದು ಅಡ್ಡಿಲ್ಲ ಹೇಳು ಮಾರಾಯ."

ನನಗೆ ಖುಷಿಯೋ ಖುಷಿ. ಮನೆಯವರು ನನ್ನ ಕೆಲಸದ ಬಗ್ಗೆ ಕೇಳಿದ್ದೇ ಮೊದಲು. ಕಾಲು ಗಂಟೆ ಹೇಳಿದೆ. ಅವನು ಹೂಂಗುಟ್ಟಿದ. ಕೊನೆಗೆ ಕೇಳಿದ್ದು ಒಂದೇ: "ಅದೆಲ್ಲ ಸರಿ, ರೇಟ್ ಎಷ್ಟು ಭಾವ?"

ಚುಚ್ಚಿತು.

ಇಲ್ಲಿ ಪ್ರಿಂಟರ್ ಮಾತು ಬರುವುದೇ ಕೊನೆಗೆ. ಆ ಚೀಟಿ ಏನೇನು ತಡೆದುಕೊಳ್ಳಬೇಕು ಅನ್ನುವುದು ಮೊದಲ ಪ್ರಶ್ನೆ. ಎಥಿಲೀನ್ ಆಕ್ಸೈಡ್ ಅನಿಲದಲ್ಲಿ ಕ್ರಿಮಿಶುದ್ಧಿ ಮಾಡುವಾಗ ಬಿಸಿಯೂ ಇರುತ್ತದೆ, ತೇವವೂ ಇರುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತಾರೆ. ಎಕ್ಸ್‌ಪೈರಿ ದಿನದವರೆಗೂ ಅಕ್ಷರ ಓದಲು ಬರಬೇಕು. ಇದಕ್ಕೆಲ್ಲ ತಾಳುವ ಹಾಳೆ ಯಾವುದು, ಆ ಹಾಳೆಗೆ ಒಗ್ಗುವ ರಿಬ್ಬನ್ (ಬಿಸಿಗೆ ಕರಗಿ ಅಕ್ಷರ ಮೂಡಿಸುವ ಮಸಿ ಪಟ್ಟಿ) ಯಾವುದು, ಆ ರಿಬ್ಬನ್ನಿಗೆ ಬೇಕಾದಷ್ಟು ಬಿಸಿ ಕೊಡುವ ಯಂತ್ರ ಯಾವುದು? ಹೀಗೆ ಹೋಗುತ್ತದೆ ಲೆಕ್ಕ.

ರಿಬ್ಬನ್ ಇಲ್ಲದ ಪ್ರಿಂಟರೂ ಇದೆ. ಹಾಳೆಯನ್ನೇ ಬಿಸಿ ಮಾಡಿ ಕಪ್ಪಾಗಿಸುತ್ತದೆ. ಕಿಸೆಯಲ್ಲಿ ಮರೆತ ಬಸ್ ಟಿಕೆಟ್ ಕೆಲವು ದಿನಕ್ಕೆ ಬೋಳಾಗುತ್ತದಲ್ಲ, ಅದೇ ಜಾತಿ. ರಿಬ್ಬನ್ನಿನಲ್ಲಿ ಮೇಣದ್ದು ಅಗ್ಗ, ಆದರೆ ಸ್ಪಿರಿಟ್ ತಾಗಿದರೆ ಕಲಸಿಹೋಗುತ್ತದೆ. ರೆಸಿನ್, ಅಂದರೆ ರಾಳದಂಥ ಗಟ್ಟಿ ಮಸಿಯದ್ದು, ದುಬಾರಿ. ಅದಕ್ಕೆ ಬಿಸಿ ಜಾಸ್ತಿ ಬೇಕು, ನಿಧಾನಕ್ಕೆ ಓಡಿಸಬೇಕು. ಆದರೆ ಸರಿಯಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತರೆ ಸುಲಭಕ್ಕೆ ಏಳುವುದಿಲ್ಲ.

ಭಾವನ ಕಥೆ ಆಮೇಲೆ ಹೊರಬಂತು. ಒಂದು ಆಸ್ಪತ್ರೆಯವರು ಮಾಲು ವಾಪಸ್ ಕಳಿಸಿದ್ದರು. ಒರೆಸಿದ ಕೂಡಲೇ ಬ್ಯಾಚ್ ನಂಬರ್ ಹತ್ತಿಗೆ ಬಂದಿತ್ತಂತೆ. ಮಳೆಗಾಲದ ಥಂಡಿಗೆ ಕಾಗದದ ಅಂಚೂ ಎದ್ದಿತ್ತು. ಬ್ಯಾಚ್ ನಂಬರೇ ಇಲ್ಲದಿದ್ದರೆ, ನಾಳೆ ಒಂದು ಟ್ಯೂಬ್ ಕೆಟ್ಟದ್ದು ಅಂತ ಗೊತ್ತಾದಾಗ ಯಾವ ಪೆಟ್ಟಿಗೆ ವಾಪಸ್ ಕರೆಸುತ್ತೀಯ? ಕಾನೂನು ಇಲ್ಲ ಅಂತಲ್ಲ. 2018ರ ಜನವರಿಯಿಂದ ಜಾರಿಯಲ್ಲಿರುವ ನಮ್ಮದೇ ಭಾರತದ ವೈದ್ಯಕೀಯ ಉಪಕರಣ ನಿಯಮದಲ್ಲೂ ಬ್ಯಾಚ್, ತಯಾರಿಕೆ, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಎಲ್ಲ ಲೇಬಲ್ ಮೇಲೆ ಇರಬೇಕು ಅಂತಿದೆ. ಅಚ್ಚು ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತೇವೆ.

ನನಗೆ ಸಿಟ್ಟು ಬರುವುದು ಇಲ್ಲೇ. ಇದೇ ಭಾವನ ಅಪ್ಪ ಜಗಲಿಯಲ್ಲಿ ಕೂತು ಹಸ, ಬೆಟ್ಟೆ, ರಾಶಿ ಅಂತ ಅಡಿಕೆ ಆರಿಸುವಾಗ ಯಾರೂ ಮಾತಾಡಿಸುವ ಹಾಗಿರಲಿಲ್ಲ. ರಾಶಿಯೊಳಗೆ ನಾಲ್ಕು ಗೊರಬಲು ಸೇರಿದರೆ ಮಂಡಿಯಲ್ಲಿ ಮರ್ಯಾದೆ ಹೋಯಿತು ಅನ್ನುವವರು. ಆ ಕಣ್ಣು ಅಡಿಕೆಗೆ ಮಾತ್ರ ಯಾಕೆ ಮೀಸಲು? ಯಂತ್ರದ ಮುಂದೆ ನಿಂತ ಕೂಡಲೇ ನಮಗೆ ರೇಟ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಅವನು ಕೊನೆಗೂ ಪ್ರಿಂಟರ್ ತಗೊಳ್ಳಲಿಲ್ಲ. ಹಳೆಯದೇ 203 ಡಿಪಿಐ ಯಂತ್ರ, ಅಂದರೆ ಇಂಚಿಗೆ 203 ಚುಕ್ಕೆ, ಮಿಲಿಮೀಟರಿಗೆ 8. ನಮ್ಮ ಗಾಲ್ವೆ ಕಾರ್ಖಾನೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಡೇಟಾಮ್ಯಾಟ್ರಿಕ್ಸ್ ಕೋಡ್ (ಕ್ಯೂಆರ್ ಥರದ ಚೌಕ) ಕೂರಿಸಬೇಕು, ಅದಕ್ಕೆ 300 ಇಲ್ಲವೇ 600 ಬೇಕಾಗುತ್ತದೆ. ಅವನ ಅಂಗೈಯಗಲದ ಲೇಬಲ್ಲಿಗೆ ಆ 203 ಧಾರಾಳ ಸಾಕು. ರೆಸಿನ್ ರಿಬ್ಬನ್ನೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆಯ ರೋಲೂ ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹಾಕಿಸಿಕೊಂಡ. ಬಿಸಿ ಏರಿಸಿ, ಓಟ ತಗ್ಗಿಸಿ, ಮಧ್ಯಾಹ್ನದ ಊಟದೊಳಗೆ ಹೊಂದಿಸಿದ. ಸ್ಪಿರಿಟ್ ಹಾಕಿ ಐವತ್ತು ಸಲ ಉಜ್ಜಿ, ಬೆಳ್ಳಗೇ ಉಳಿದ ಹತ್ತಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ.

ಹೇಳಬಾರದು, ಆದರೂ ಹೇಳುತ್ತೇನೆ. ನಮ್ಮಲ್ಲಿ ಬರೀ ರಿಬ್ಬನ್ ಬದಲಿಸಲು ಆರು ವಾರ ಹಿಡಿದದ್ದುಂಟು. ಯಂತ್ರ ಕೂರಿಸಿದ್ದಕ್ಕೊಂದು ವರದಿ, ನಡೆದದ್ದಕ್ಕೊಂದು, ದಿನವೂ ಹಾಗೇ ನಡೆಯುತ್ತದೆ ಅನ್ನುವುದಕ್ಕೆ ಇನ್ನೊಂದು. ಅದರಲ್ಲಿ ಎರಡು ವಾರ ಕಡತ ಸುಮ್ನೆ ಒಬ್ಬರ ಮೇಜಿನ ಮೇಲಿತ್ತು, ಅವರು ರಜೆಯಲ್ಲಿದ್ದರು. ಆ ಹತ್ತಿಯ ಫೋಟೋ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೂ ಬಿಡಲಿಲ್ಲ, ಕೇಳಿದೆ. "ಬಿಸಿ ಎಷ್ಟಿಟ್ಟೆ, ಸ್ಪೀಡ್ ಎಷ್ಟು, ಎಲ್ಲಾದರೂ ಬರೆದಿಟ್ಟಿದ್ದೀಯಾ?"

"ಬರೆಯೋದು ಎಂಥದ್ದು ಮಾರಾಯ, ಹುಡುಗನಿಗೆ ಗೊತ್ತುಂಟು."

ಹುಡುಗ ಮುಂದಿನ ತಿಂಗಳು ಬೆಂಗಳೂರಿಗೆ ಹೋಗುತ್ತಾನಂತೆ.