ಸರ್ವಾಧಿಕಾರಿಯನ್ನು ನೋಡಿ ನಕ್ಕರೆ ಅವನು ಬೀಳುತ್ತಾನಾ?

ಪರ: ಮೊದಲು ಹೆದರಿಕೆ ಹೋಗಬೇಕು

ನಮ್ಮ ಕಾಸರಗೋಡಿನ ಕುಂಬಳೆ ಸೀಮೆಯ ಮಕ್ಕಳು ಸರ್ವಾಧಿಕಾರಿಯನ್ನು ಮೊದಲು ನೋಡುವುದು ಸಿನಿಮಾದಲ್ಲಲ್ಲ, ಯಕ್ಷಗಾನದ ಆಟದಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಇದು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ನಡುರಾತ್ರಿಯ ಹೊತ್ತಿಗೆ ಕಂಸ ಬರುತ್ತಾನೆ. ಅವನ ಒಂದು ಆರ್ಭಟೆಗೆ ಚಾಪೆಯಲ್ಲಿ ಕೂತ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವೆ. ಅಷ್ಟರಲ್ಲಿ ಹಾಸ್ಯಗಾರ ದೂತನ ವೇಷದಲ್ಲಿ ಹಾಜರು. ಬಗ್ಗಿ ಕೈಮುಗಿಯುತ್ತಾನೆ. ರಾಜ ಆಚೆ ತಿರುಗಿದ ಕೂಡಲೇ ಅವನ ಹಾಗೆಯೇ ನಡೆದು ತೋರಿಸುತ್ತಾನೆ. ಸೆರಗು ಹಿಡಿದ ಕೈ ಸಡಿಲವಾಗುತ್ತದೆ. ನನ್ನ ವಾದ ಇರುವುದೇ ಆ ಸಡಿಲವಾದ ಕೈಯಲ್ಲಿ.

ಕಳೆದ ಡಿಸೆಂಬರ್‌ನಲ್ಲಿ ನಮ್ಮೂರ ವಾಚನಾಲಯದಲ್ಲಿ ಚಾರ್ಲಿ ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ ಹಾಕಿದೆವು. ಕೆಳಗೆ ಮಲಯಾಳಂ ಸಬ್‌ಟೈಟಲ್. ಓದಲು ಬಾರದ ಹಿರಿಯರಿಗೆ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತುಳುವಿನಲ್ಲಿ ಪಿಸುಗುಟ್ಟುತ್ತಿದ್ದರು. ಬಲೂನಿನ ದೃಶ್ಯ ಬಂದಾಗ ಪಿಸುಮಾತು ನಿಂತಿತು. ಅದಕ್ಕೆ ಭಾಷೆ ಬೇಡ. ಹಿಟ್ಲರ್‌ನ ಅಣಕವಾದ ಹಿಂಕೆಲ್ ಎಂಬ ಸರ್ವಾಧಿಕಾರಿ ದೊಡ್ಡ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಬಲೂನಿನ ಭೂಗೋಳವನ್ನು ಎತ್ತಿಕೊಳ್ಳುತ್ತಾನೆ. ಬೆರಳ ತುದಿಯಲ್ಲಿ ತಿರುಗಿಸುತ್ತಾನೆ, ತಲೆಯಿಂದ ಚಿಮ್ಮುತ್ತಾನೆ, ಮೇಜಿನ ಮೇಲೆ ಬೋರಲು ಮಲಗಿ ಹಿಂಬದಿಯಿಂದ ಮೇಲಕ್ಕೆ ಹಾರಿಸುತ್ತಾನೆ. ಕೊನೆಗೆ ಎರಡೂ ಕೈಯಲ್ಲಿ ಅಪ್ಪಿ ಹಿಡಿದಾಗ ಅದು ಮುಖಕ್ಕೇ ಒಡೆಯುತ್ತದೆ. ಅವನು ಮೇಜಿಗೆ ತಲೆಯಿಟ್ಟು ಅಳುತ್ತಾನೆ. ನನ್ನ ಪಕ್ಕದಲ್ಲಿದ್ದ ಏಳು ವರ್ಷದ ಹುಡುಗ ಬಿದ್ದು ಬಿದ್ದು ನಕ್ಕ. ಆಟಿಕೆ ಒಡೆದರೆ ಅಳುವುದು ಅವನಿಗೆ ಚೆನ್ನಾಗಿ ಗೊತ್ತಲ್ವಾ?

ಆ ಸಿನಿಮಾ ಬಂದದ್ದು 1940ರ ಅಕ್ಟೋಬರ್‌ನಲ್ಲಿ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹಿಟ್ಲರ್ ಸೋಲುತ್ತಾನೆ ಎಂದು ಹೇಳುವ ಧೈರ್ಯ ಜಾಸ್ತಿ ಜನರಿಗೆ ಇರಲಿಲ್ಲ. ಚಾಪ್ಲಿನ್ ಸ್ವಂತ ದುಡ್ಡು ಸುರಿದು ಅದನ್ನು ತೆಗೆದ. ಇಬ್ಬರೂ ಹುಟ್ಟಿದ್ದು 1889ರ ಏಪ್ರಿಲ್‌ನಲ್ಲಿ, ನಾಲ್ಕೇ ದಿನದ ಅಂತರದಲ್ಲಿ. ಇಬ್ಬರಿಗೂ ಅದೇ ಮೊಟಕು ಮೀಸೆ. ಆ ಮೀಸೆಯನ್ನು ನಗುವಿನ ಕಡೆಗೆ ವಾಪಸ್ ಕಿತ್ತುಕೊಂಡವನು ಚಾಪ್ಲಿನ್.

ನಗುವಿನಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಏನೂ ಆಗದಿದ್ದರೆ ಅಧಿಕಾರದಲ್ಲಿರುವವರು ಅದಕ್ಕೆ ಯಾಕೆ ಅಷ್ಟು ಹೆದರುತ್ತಾರೆ? ದೂರ ಹೋಗುವುದೇ ಬೇಡ. ನಮ್ಮದೇ ತುರ್ತು ಪರಿಸ್ಥಿತಿಯಲ್ಲಿ ‘ಕಿಸ್ಸಾ ಕುರ್ಸಿ ಕಾ’ ಎಂಬ ಹಿಂದಿ ಅಣಕು ಸಿನಿಮಾದ ಪ್ರಿಂಟು, ನೆಗೆಟಿವ್ ಎಲ್ಲವನ್ನೂ ಸರಕಾರ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಬೆಂಕಿಗೆ ಹೋದವು. ನಿರ್ದೇಶಕ ಅಮೃತ್ ನಾಹಟಾ ಅದೇ ಸಿನಿಮಾವನ್ನು ಮತ್ತೆ ತೆಗೆಯಬೇಕಾಯಿತು. ಒಂದು ಸಿನಿಮಾ ಸುಡಲು ಅಷ್ಟು ಕಷ್ಟಪಡುತ್ತಾರೆ ಎಂದರೆ ಅದರಲ್ಲಿ ಏನೋ ಇತ್ತು.

ಇನ್ನು ರೊಮೇನಿಯಾ. 1989ರ ಡಿಸೆಂಬರ್ 21. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಬುಕಾರೆಸ್ಟ್‌ನ ಬಾಲ್ಕನಿಯಿಂದ ಭಾಷಣ ಮಾಡುತ್ತಿದ್ದ. ಜೈಕಾರ ಹಾಕಲೆಂದೇ ಕರೆತಂದ ಜನ ಕೆಳಗೆ. ನಡುವೆ ಎಲ್ಲೋ ಕೂಗಾಟ ಶುರುವಾಯಿತು. ಅವನ ಮಾತು ಅರ್ಧಕ್ಕೆ ನಿಂತಿತು. ಬಾಯಿ ತೆರೆದಿದೆ, ಬಲಗೈ ಎತ್ತಿದೆ, ಏನು ಮಾಡಬೇಕೆಂದು ತೋಚುತ್ತಿಲ್ಲ. ದೇಶವೆಲ್ಲ ಟಿವಿಯಲ್ಲಿ ಆ ಮುಖ ನೋಡಿತು. ಮರುದಿನ ಅವನು ಹೆಲಿಕಾಪ್ಟರ್ ಹತ್ತಿ ಓಡಿದ. 25ಕ್ಕೆ ಅವನಿಗೂ ಹೆಂಡತಿಗೂ ಗುಂಡು ಬಿತ್ತು. ಅಂದು ಯಾರೂ ಜೋಕ್ ಹೇಳಿರಲಿಲ್ಲ, ನಿಜ. ಆದರೆ ಇಪ್ಪತ್ತನಾಲ್ಕು ವರ್ಷ ಹೆದರಿಸಿದ ಆ ಮುಖ ಇಷ್ಟೇನಾ ಎಂದು ಜನರಿಗೆ ಅನಿಸಿದ ಗಳಿಗೆ ಅದು. ಒಳ್ಳೆಯ ಅಣಕು ಸಿನಿಮಾ ಆ ಗಳಿಗೆಯನ್ನು ಮೊದಲೇ ತೋರಿಸಿಬಿಡುತ್ತದೆ.

ನೀಲೇಶ್ವರದ ಕಡೆ ಪೊಟ್ಟನ್ ತೆಯ್ಯಂ ಎಂಬ ದೈವದ ಕುಣಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೀಳು ಜಾತಿಯವನೆಂದು ದಾರಿ ಬಿಡು ಎಂದ ಶಂಕರಾಚಾರ್ಯರಿಗೆ ಪೊಟ್ಟನ್ ತಮಾಷೆಯಾಗಿಯೇ ಕೇಳುತ್ತಾನೆ: ನಿಮ್ಮನ್ನು ಕಡಿದರೂ ನಮ್ಮನ್ನು ಕಡಿದರೂ ಬರುವ ನೆತ್ತರು ಒಂದೇ ಅಲ್ವಾ? ಕೆಂಡದ ಮೇಲೆ ಮಲಗಿ, ಚಳಿ ಚಳಿ ಎನ್ನುತ್ತಾನೆ. ಕೆಳಗಿರುವವನಿಗೆ ಕೈಯಲ್ಲಿ ಇನ್ನೇನೂ ಇಲ್ಲದಾಗಲೂ ನಗು ಇರುತ್ತದೆ.

ವಿರೋಧ: ನಕ್ಕವರು ಮನೆಗೆ ಹೋಗಿ ಮಲಗಿದರು

ನಾನೂ ಆ ದಿನ ವಾಚನಾಲಯದಲ್ಲಿದ್ದೆ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ಗೆಳೆಯ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವನು ಕಥೆಯನ್ನು 1940ರಿಂದ ಶುರು ಮಾಡಿದ. ಅದಕ್ಕಿಂತ ಮೊದಲೇ ಜರ್ಮನಿ ಹಿಟ್ಲರ್‌ನನ್ನು ನೋಡಿ ಹತ್ತು ವರ್ಷ ನಕ್ಕಿತ್ತು. 1923ರಲ್ಲಿ ಮ್ಯೂನಿಕ್‌ನ ಬಿಯರ್ ಹಾಲ್‌ನಿಂದ ದಂಗೆ ಎಬ್ಬಿಸಲು ಹೋಗಿ ಜೈಲು ಸೇರಿದವನು ಅವನು. ವ್ಯಂಗ್ಯಚಿತ್ರಕಾರರಿಗೆ ಹಬ್ಬ. ಅವನ ಮೀಸೆ, ಕೂಗಾಟ ಎಲ್ಲವೂ ಗೇಲಿಗೆ ಸಿಕ್ಕವು. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು 12 ಸೀಟು. ಆಮೇಲೆ 1929ರ ಆರ್ಥಿಕ ಕುಸಿತ ಬಂತು. ನೋಡನೋಡುತ್ತ ಅರುವತ್ತು ಲಕ್ಷ ಜನ ಕೆಲಸ ಕಳೆದುಕೊಂಡರು. 1930ರಲ್ಲಿ 107 ಸೀಟು. 1932ರ ಜುಲೈಯಲ್ಲಿ 230. ನಗುವವರು ನಗುತ್ತಲೇ ಇದ್ದರು. ಹಸಿದವರು ಓಟು ಹಾಕುತ್ತಿದ್ದರು.

1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಮಾಡಿದವರು ಯಾರು? ಅವನನ್ನು ಕೋಡಂಗಿ ಎಂದುಕೊಂಡ ದೊಡ್ಡ ಮನುಷ್ಯರೇ. ಇವನನ್ನು ನಾವು ಹದ್ದುಬಸ್ತಿನಲ್ಲಿ ಇಡುತ್ತೇವೆ ಎಂಬ ಧೈರ್ಯ ಅವರಿಗೆ. ಮಾರ್ಚ್ 23ಕ್ಕೆ ಸಂಸತ್ತು 444–94 ಮತಗಳಿಂದ ತನ್ನ ಅಧಿಕಾರವನ್ನೆಲ್ಲ ಅವನ ಕೈಗೆ ಬರೆದುಕೊಟ್ಟಿತು. ಎರಡೇ ತಿಂಗಳು! ಬರ್ಲಿನ್‌ನಲ್ಲಿ ವೆರ್ನರ್ ಫಿಂಕ್ ಎಂಬ ಹಾಸ್ಯಗಾರ ಅದರ ನಂತರವೂ ವೇದಿಕೆಯಲ್ಲಿ ಅಣಕ ಮಾಡುತ್ತಿದ್ದ. 1935ರಲ್ಲಿ ಅವನ ರಂಗಮಂದಿರಕ್ಕೆ ಬೀಗ ಬಿತ್ತು, ಅವನನ್ನು ನಾಜಿ ಸೆರೆಶಿಬಿರಕ್ಕೆ ಕಳಿಸಿದರು. ಹಾಸ್ಯಗಾರನ ಧೈರ್ಯದ ಬಗ್ಗೆ ನನಗೆ ತಕರಾರಿಲ್ಲ, ಅವನ ಕಾಲಿಗೆ ನಮಸ್ಕಾರ. ಅವನನ್ನು ಎಳೆದೊಯ್ಯುವಾಗ ಅವನ ಜೋಕಿಗೆ ನಕ್ಕವರು ಎಲ್ಲಿದ್ದರು ಎಂಬುದು ನನ್ನ ಸಂಕಟ.

ಹಿಟ್ಲರ್ ಬಿದ್ದದ್ದು ಸೋವಿಯತ್ ಸೈನ್ಯ ಬರ್ಲಿನ್‌ಗೆ ನುಗ್ಗಿದಾಗ, 1945ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅರುವತ್ತು ಲಕ್ಷ ಯಹೂದಿಗಳು ಸತ್ತಾಗಿತ್ತು. ಆ ಶಿಬಿರಗಳಲ್ಲಿ ನಡೆದದ್ದು ಗೊತ್ತಿದ್ದರೆ ಆ ಸಿನಿಮಾ ತೆಗೆಯಲು ನನ್ನಿಂದ ಆಗುತ್ತಿರಲಿಲ್ಲ ಎಂದು ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನಿಗೇ ಹಾಗನಿಸಿದ ಮೇಲೆ ನಾವು ಅಷ್ಟು ಹಗುರಾಗಿ ನಗುವುದು ಹೇಗೆ?

ಗೆಳೆಯ ಆಟದ ಮಾತೆತ್ತಿದ್ದಾನೆ. ನಾನೂ ಎತ್ತುತ್ತೇನೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದು ಜನರ ನಡುವಿನಿಂದ. ದೊಂದಿ ಉರಿಯುತ್ತದೆ, ರಾಳದ ಪುಡಿ ಭಗ್ಗೆನ್ನುತ್ತದೆ, ಅವನು ಕೋಡು ಅಲ್ಲಾಡಿಸುತ್ತ ಬರುತ್ತಾನೆ. ಮಲಗಿದ್ದವರೂ ಎದ್ದು ಕೂರುತ್ತಾರೆ. ಮಕ್ಕಳು ಕಿರುಚಿಕೊಂಡು ಅವನ ಹಿಂದೆಯೇ ಓಡುತ್ತವೆ. ಮರುದಿನ ಶಾಲೆಯಲ್ಲಿ ಅವರು ಆಡುವುದು ಮಹಿಷಾಸುರನ ಆಟ, ದೇವಿಯದಲ್ಲ. ಪರದೆಯಲ್ಲೂ ಹೀಗೇ. ಹಿಂಕೆಲ್‌ನ ಕುಣಿತ ನೆನಪಿರುತ್ತದೆ, ಅವನಿಂದ ಮನೆ ಕಳೆದುಕೊಂಡವರ ಮುಖ ಅಷ್ಟು ನೆನಪಿರುವುದಿಲ್ಲ. ಅಣಕು ಮಾಡಿದಷ್ಟೂ ಅವನ ಮುಖ ಜಾಸ್ತಿ ಆಗುತ್ತದೆ, ರಕ್ತಬೀಜನ ಹಾಗೆ. ನೆಲಕ್ಕೆ ಬಿದ್ದ ಹನಿಹನಿಗೂ ಒಬ್ಬೊಬ್ಬ.

ಕಯ್ಯೂರು ನಮ್ಮದೇ ಜಿಲ್ಲೆ. 1941ರಲ್ಲಿ ಅಲ್ಲಿನ ರೈತರೂ ಜಮೀನ್ದಾರನನ್ನು ನೋಡಿ ಒಳಗೊಳಗೇ ನಕ್ಕಿರಬಹುದು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ, ಸಂಘ ಕಟ್ಟಿದರು, ಬೀದಿಗೆ ಇಳಿದರು. ನಾಲ್ವರು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದರು.

ಆ ದಿನ ವಾಚನಾಲಯದಿಂದ ಹೋಗುವಾಗ ಗೆಳೆಯ ಹೇಳಿದ ಅದೇ ಏಳು ವರ್ಷದ ಹುಡುಗ ನನ್ನ ಜೊತೆಗಿದ್ದ. ಅವನು ಬಲೂನಿನ ಬಗ್ಗೆ ಕೇಳಲಿಲ್ಲ. ಭಾಷಣದ ದೃಶ್ಯ ಅವನ ತಲೆಯಲ್ಲಿತ್ತು. ಸಾವಿರಾರು ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ, ಹಿಂಕೆಲ್ ಕೈ ಎತ್ತುತ್ತಾನೆ, ಸ್ವಿಚ್ ಆಫ್ ಮಾಡಿದ ಹಾಗೆ ಸದ್ದು ನಿಲ್ಲುತ್ತದೆ. “ಅವರೆಲ್ಲ ಯಾಕೆ ಮಾಮ ಅವನು ಹೇಳಿದ ಹಾಗೆ ಕೇಳುವುದು?” ಎಂದ. ಸಿನಿಮಾದಲ್ಲಿ ಅದಕ್ಕೆ ಉತ್ತರ ಇಲ್ಲ. ಅದರಲ್ಲಿ ಒಬ್ಬ ಹುಚ್ಚ ಎದ್ದು ಕಾಣುತ್ತಾನೆ. ಕಾಗದಕ್ಕೆ ಸಹಿ ಹಾಕಿದ, ಠಸ್ಸೆ ಒತ್ತಿದ ಬುದ್ಧಿವಂತರು ಕಾಣುವುದಿಲ್ಲ.

ಮುಂದಿನ ತಿಂಗಳು ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಹಾಕೋಣ ಎಂದು ವಾಚನಾಲಯದಲ್ಲಿ ಹೇಳಿದ್ದೇನೆ. 1961ರದ್ದು. ಕಟಕಟೆಯಲ್ಲಿ ನಿಂತವರು ನ್ಯಾಯಾಧೀಶರು, ಹಿಟ್ಲರ್‌ನ ಕಾನೂನಿಗೆ ತೀರ್ಪು ಬರೆದುಕೊಟ್ಟವರು. ಮೂರು ಗಂಟೆಯ ಸಿನಿಮಾ, ಮಾತೇ ಜಾಸ್ತಿ. ಹುಡುಗನಿಗೆ ಅರ್ಧದಲ್ಲಿ ನಿದ್ದೆ ಬಂದರೂ ಬರಬಹುದು. ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ.